ಕುದುರೆಯ ಹಣೆಯ ಕೆಂಪು ಚುಕ್ಕೆ

ನನ್ನ ಬದುಕಿನಲ್ಲಿ ಹೊತ್ತು ತಪ್ಪಿದ್ದು ಒಂದೇ ಸಲ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಆರೂವರೆಯಿಂದ ಏಳರವರೆಗೆ ಅಂಚೆಚೀಟಿ, ಆಮೇಲೆ ಬೆಟಗೇರಿಯ ಶಾಲೆ. ಇಂಥವನಿಂದ ತಪ್ಪಾಗುವುದು ಹೇಗೆ?

ಗದಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಂಚೆಚೀಟಿಗಳ ಮೇಲಿನ ರಾಜನ ತಲೆ ಹೋಗಿ, ಅರ್ಧ ಆಣೆಯದರ ಮೇಲೆ ಕೊನಾರ್ಕದ ಕಲ್ಲಿನ ಕುದುರೆ ಬಂದಿತ್ತು. ಒಂದು ದಿನ ಲಕ್ಷ್ಮೇಶ್ವರದಿಂದ ಹೆಂಡತಿಯ ಸೋದರಮಾವನ ಮಗಳ ಲಗ್ನಪತ್ರಿಕೆ ಬಂತು. ಲಕೋಟೆ ಇಲ್ಲ, ಮಡಚಿದ ಪತ್ರಿಕೆಯ ಬೆನ್ನಿಗೇ ಚೀಟಿ. ಭೂತಗನ್ನಡಿ ಹಿಡಿದೆ. ಕುದುರೆಯ ಹಣೆಯ ಮೇಲೆ ಕೆಂಪು ಚುಕ್ಕೆ!

ನನ್ನಲ್ಲಿದ್ದ ಹನ್ನೊಂದು ಕುದುರೆಗಳನ್ನು ತಪಾಸಣೆ ಮಾಡಿದೆ. ಒಂದಕ್ಕೂ ಚುಕ್ಕೆ ಇಲ್ಲ. ಆದರೂ ಆತುರಪಡಲಿಲ್ಲ. ಚುಕ್ಕೆ ಒಂದೇ ಚೀಟಿಯಲ್ಲಿದ್ದರೆ ಅದು ಕೊಳೆ. ಅದೇ ಜಾಗದಲ್ಲಿ ಇನ್ನೊಂದರಲ್ಲೂ ಇದ್ದರೆ ಅಚ್ಚಿನ ದೋಷ, ಅದಕ್ಕೆ ಭಾರಿ ಬೆಲೆ. ಇದು ಶಾಸ್ತ್ರ.

ಪಕ್ಕದ ಮನೆಯ ಖಾದರಸಾಬರು ಮದುಮಗಳ ತಂದೆಯ ಗೆಳೆಯರು. ಅವರಿಗೂ ಪತ್ರಿಕೆ ಬಂದಿತ್ತು. ನೋಡಿದೆ. ಅದೇ ಹಣೆ, ಅದೇ ಚುಕ್ಕೆ!

“ಇದನ್ನ ನನಗ ಕೊಡ್ರಿ ಖಾದರಸಾಬ್ರ.”

“ತಗೋರಿ ಮಾಸ್ತರ. ಲಗ್ನಕ್ಕ ನಿಮ್ಮ ಜೋಡಿನ ಬರಾಂವ ನಾ. ಪತ್ರಿಕಿ ಇಟ್ಕೊಂಡು ಏನ್ ಮಾಡ್ಲಿ?”

ದೋಷವಿರುವ ಚೀಟಿಯನ್ನು ಕಾಗದದಿಂದ ಬಿಡಿಸಬಾರದು. ಅಳತೆಪಟ್ಟಿ ಇಟ್ಟು, ಸುತ್ತ ಒಂದು ಬೆರಳಗಲ ಅಂಚು ಬಿಟ್ಟು, ಎರಡನ್ನೂ ಚೌಕವಾಗಿ ಕತ್ತರಿಸಿ ಹುಬ್ಬಳ್ಳಿಯ ತಜ್ಞರೊಬ್ಬರಿಗೆ ರಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಸಂಜೆ ಹೆಂಡತಿ ಪತ್ರಿಕೆ ಬಿಚ್ಚಿದಳು.

“ರೀ, ಮುಹೂರ್ತ ಎಲ್ಲೈತ್ರಿ?”

ಮುಹೂರ್ತ ಇರಬೇಕಾದಲ್ಲಿ ಒಂದು ಕಿಂಡಿ. ಕಿಂಡಿಯಾಚೆ ಅವಳ ಒಂದು ಕಣ್ಣು.

“ಖಾದರಸಾಬ್ರ ಪತ್ರಿಕೀನರ ತರ್ರಿ!”

ತೋರಿಸಿದೆ. ಅದರಲ್ಲೂ ಅದೇ ಜಾಗ, ಅದೇ ಅಳತೆ. ಶಿಸ್ತು ಎಂದರೆ ಶಿಸ್ತು!

“ಆ ಹುಡುಗೀನ ಎತ್ತಿ ಆಡಿಸೀನ್ರಿ ನಾ. ಅಕಿ ತಲಿಗೆ ನಾಕು ಅಕ್ಕಿಕಾಳು ಹಾಕಲಾರದ ಇರಾಕ ಆಗೂದಿಲ್ಲ.”

“ಗಾಬರಿ ಆಗಬ್ಯಾಡ. ನಾ ಓದೀನಿ. ಬರೋ ಸೋಮವಾರ,” ಎಂದೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ!

ಸೋಮವಾರ ಮೊದಲ ಬಸ್ಸಿಗೆ ಹೊರಟೆವು. ಹೆಂಡತಿ ಇಳಕಲ್ ಸೀರೆಯಲ್ಲಿ, ಖಾದರಸಾಬರು ಹೊಸ ಟೊಪ್ಪಿಗೆಯಲ್ಲಿ. ಲಕ್ಷ್ಮೇಶ್ವರದಲ್ಲಿ ಆಳುಗಳು ಹಂದರ ಬಿಚ್ಚುತ್ತಿದ್ದರು.

“ಈಗ ಬಂದ್ರಿ? ಲಗ್ನ ನಿನ್ನಿ ಆತು. ಹುಡುಗಿ ನಸುಕಿನ್ಯಾಗ ಗಂಡನ ಮನಿಗೆ ಹೋದ್ಲು,” ಎಂದರು ಮದುಮಗಳ ತಾಯಿ, ನನ್ನ ಹೆಂಡತಿಯ ಸೋದರತ್ತೆ.

ಖಾದರಸಾಬರು ಟೊಪ್ಪಿಗೆ ತೆಗೆದು ಕಿಸೆಗೆ ಹಾಕಿಕೊಂಡರು. ನಾನು ಆತ್ಮರಕ್ಷಣೆಗಾಗಿ ಕೆಂಪು ಚುಕ್ಕೆಯ ಮಹತ್ವವನ್ನು ವಿವರಿಸಿದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

“ಅಯ್ಯ ಅಳಿಯಂದ್ರ! ಪತ್ರಿಕಿಗೆ ಕುಂಕುಮ ಹಚ್ಚಿದಾಕಿ ನಾನ. ಮೂಲಿಗೆ ಹಚ್ಚೂದು ಪದ್ಧತಿ. ಕುದುರಿ ಹಣಿ ಬರಿದ ಕಾಣ್ತಿತ್ತು, ಪಾಪ, ಅದಕ್ಕೂ ಒಂದೊಂದು ಇಟ್ಟೆ!”

ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ತಜ್ಞರ ಉತ್ತರ, ಜೊತೆಗೆ ನನ್ನ ಎರಡು ಚೀಟಿ. “ಒಂದು ಹನಿ ನೀರಿಗೆ ದೋಷ ಅಳಿಸಿಹೋಯಿತು. ಬೆಲೆ ಏನೂ ಇಲ್ಲ. ಹಿಂಬದಿಯಲ್ಲಿ ಮುಹೂರ್ತ ಭಾನುವಾರ ಎಂದಿದೆ. ತಪ್ಪದೆ ಹೋಗಿಬನ್ನಿ.”

ಆ ಚೀಟಿಗಳು ಇಂದಿಗೂ ಆಲ್ಬಮಿನಲ್ಲಿವೆ. ಕೆಳಗೆ ನಾನು ಶಿಸ್ತಾಗಿ “ದೋಷ ಅಚ್ಚಿನದಲ್ಲ” ಎಂದು ಬರೆದಿಟ್ಟಿದ್ದೆ. ಅದರ ಮುಂದೆ ಹೆಂಡತಿ “ನಮ್ಮ ಮನಿಯವರದು” ಎಂದು ಸೇರಿಸಿ, ಒಂದು ಕುಂಕುಮದ ಚುಕ್ಕೆಯನ್ನೂ ಇಟ್ಟಿದ್ದಾಳೆ!