ಡಚ್ ಕ್ರಿಯಾಪದಗಳೂ ನನ್ನ ಅಕ್ಷತೆಯೂ

ಮುಂಬಯಿಯ ಫೋರ್ಟಿನ ಡಚ್ ಹಡಗು ಕಂಪನಿಯಲ್ಲಿ ಗುಮಾಸ್ತನಾದವನು ನಗೆಪಾಟಲಾಗಲು ಬೇರೆ ಪ್ರಯತ್ನ ಮಾಡಬೇಕಿಲ್ಲ, ಕೂತಲ್ಲೇ ಆಗುತ್ತಾನೆ. ಐವತ್ತರ ದಶಕದ ಮಾತು. ಡಚ್ ಪರೀಕ್ಷೆ ಪಾಸಾದವರಿಗೆ ಪತ್ರವ್ಯವಹಾರದ ಹುದ್ದೆ, ಮುಂದೆ ಹಾಲೆಂಡಿಗೂ ಕಳಿಸಬಹುದು ಎಂದರು ನಮ್ಮ ಸಾಹೇಬರು. ಧಾರವಾಡದಲ್ಲಿ ನನಗೆ ನೋಡಿದ್ದ ಹುಡುಗಿಯ ಅಪ್ಪ, "ಆ ಹುದ್ದೆ ಸಿಗಲಿ, ಆಮ್ಯಾಲೆ ಅಕ್ಷತಿ" ಎಂದುಬಿಟ್ಟರು. ನನಗೋ, ಹುಡುಗಿ ಮನಸ್ಸಿಗೆ ಹಿಡಿಸಿಬಿಟ್ಟಿದ್ದಳು.

ನಿಯಮ

ಪಾಠ ಹೇಳುವವರು ಸಾಹೇಬರ ಹೆಂಡತಿ, ಇಂಗ್ಲಿಷಿನಲ್ಲಿ. "ಎಷ್ಟೋ ಕ್ರಿಯಾಪದಗಳು ನಿಯಮದಂತೆ ನಡೆಯುತ್ತವೆ. ಇರು, ಹೋಗು, ತಿನ್ನು, ಕುಡಿ, ದಿನಾ ಬೇಕಾಗುವ ಇಂಥವು ಮಾತ್ರ ಯಾವ ನಿಯಮಕ್ಕೂ ಬಗ್ಗುವುದಿಲ್ಲ" ಎಂದರು.

ಪಕ್ಕದಲ್ಲಿದ್ದ ಉಡುಪಿಯ ಗೆಳೆಯ ಪಿಸುಗುಟ್ಟಿದ: "ನಮ್ಮ ಹೆಡ್‌ಕ್ಲರ್ಕರ ಹಾಗೆ ಮಾರಾಯ. ಅವರಿಲ್ಲದೆ ಆಫೀಸು ನಡೆಯುವುದಿಲ್ಲ, ಬರುವುದು ಮಾತ್ರ ಹನ್ನೊಂದಕ್ಕೆ."

ಲೋಕಲ್

ಈ ಗೆಳೆಯ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವ. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ: ಕಣ್ಣು ಮುಚ್ಚಿ, ರಾಗವಾಗಿ, ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಮಾಟುಂಗದಲ್ಲಿ ಲೋಕಲ್ ರೈಲು ಹತ್ತಿದೊಡನೆ ಆ ಬಗ್ಗದ ಕ್ರಿಯಾಪದಗಳ ಪಟ್ಟಿ ಹಿಡಿದು ಇಬ್ಬರೂ ಶುರು: "ಡ್ರಿಂಕೆನ್, ಡ್ರೊಂಕ್, ಖೆಡ್ರೊಂಕೆನ್..."

ಘಾಟ್ಕೋಪರಿನಿಂದ ಬರುತ್ತಿದ್ದ ಮುದುಕ ಸೇಠರೊಬ್ಬರು ಕೈಮುಗಿದು ಎದ್ದು, ಕಿಟಕಿ ಸೀಟು ಬಿಟ್ಟುಕೊಟ್ಟರು. "ಕೌನ್ಸಾ ಸ್ತೋತ್ರ ಹೈ, ಪಂಡಿತ್‌ಜಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಗೆಳೆಯ ನನ್ನ ಕಾಲು ತುಳಿದ. ಪಾನನಿಷೇಧದ ಮುಂಬಯಿಯಲ್ಲಿ "ಕುಡಿ, ಕುಡಿದೆ, ಕುಡಿದಾಯಿತು" ಎಂದು ಹಾಡಿ ನಮಸ್ಕಾರ ಹಾಕಿಸಿಕೊಂಡವರು ನಾವಿಬ್ಬರೇ ಇರಬೇಕು.

ಪರೀಕ್ಷೆ

ಹಾಲೆಂಡಿನಿಂದಲೇ ದೊಡ್ಡ ಸಾಹೇಬರು ಬಂದರು. "ಈಜು ಎಂಬುದರ ಭೂತಕಾಲ ಹೇಳಿ."

ಗೊತ್ತಿತ್ತು! ಆದರೆ ಹತ್ತೊಂಬತ್ತರ ಮಗ್ಗಿ ನಡುವಿನಿಂದ ಯಾರಿಗಾದರೂ ಬರುತ್ತದೆಯೇ? ಕಣ್ಣು ಮುಚ್ಚಿ ಪಟ್ಟಿಯ ಮೊದಲ ಪದದಿಂದ ಶುರುಮಾಡಿದೆ. ಈ ಹಾಳು ಈಜು ಇರುವುದು ಕಟ್ಟಕಡೆಗೆ. ಅಲ್ಲಿಗೆ ತಲುಪಿ ಕಣ್ಣು ಬಿಟ್ಟಾಗ ಸಾಹೇಬರ ಚಹಾ ಮುಗಿದಿತ್ತು.

"ಉತ್ತರ ಸರಿ. ಆದರೆ ನೀವು ಅದನ್ನು ಹುಡುಕಿ ತರುವಷ್ಟರಲ್ಲಿ ನಮ್ಮ ಹಡಗು ಬಂದು, ಸರಕಿಳಿಸಿ, ವಾಪಸ್ ಹೋಗಿರುತ್ತದೆ" ಎಂದರು. ಹುದ್ದೆ ಕೈತಪ್ಪಿತು. ನನ್ನನ್ನು ಬೈಕುಲ್ಲಾದ ಗೋದಾಮಿಗೆ ಹಾಕಿದರು.

ಧಾರವಾಡ

ಮದುವೆಯ ಆಸೆ ಬಿಟ್ಟೇ ಧಾರವಾಡಕ್ಕೆ ಹೋದೆ. ಅಳು ಬರುವುದೊಂದು ಬಾಕಿ. ಸುದ್ದಿ ಕೇಳಿ ಹುಡುಗಿಯ ಅಪ್ಪ ತಲೆಗೆ ಕೈ ಹಚ್ಚಿದರು. "ಅಳಿಯ ಹಾಲೆಂಡಿಗೆ ಹೋಗ್ತಾನಂತ ಊರ ತುಂಬ ಹೇಳೇನಲ್ರೀ! ಈಗ ಏನ್ ಹೇಳ್ಲಿ?"

ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ಅಪ್ಪಾ, ಖರೇನ ಇವರು ಹಾಲೆಂಡಿಗೆ ಹೋಗಂಗಿಲ್ಲೇನು?"

"ಇಲ್ಲವ್ವಾ. ಬೈಕುಲ್ಲಾ ಗೋದಾಮಂತ."

"ಹಂಗಿದ್ರ ನಾ ಒಪ್ಪೇನಿ. ಇವರು ಫೇಲ್ ಆಗ್ಲಪ್ಪಾ ಅಂತ ಪ್ರತಿ ಶನಿವಾರ ಹನುಮಪ್ಪಗ ಎಣ್ಣಿ ಎರೀತಿದ್ನಿ!"