ಹಾಸು ಮುಗಿಯದ ಆರೋಪಿಗೆ ವಕೀಲರನ್ನು ನೇಮಿಸಿದ್ದು

ಸಿಂಗಾನಲ್ಲೂರಿನ ನಮ್ಮ ನೇಕಾರರ ಸಂಘದ ವ್ಯಾಪ್ತಿಯಲ್ಲಿ ಯಾವ ಗಂಡಸೂ ಹೆಂಡತಿಯನ್ನು ಹೊಡೆದಿಲ್ಲವೆಂದು ಸಂಘದ ಕಾರ್ಯದರ್ಶಿಯಾದ ನಾನು ಈ ಮೂಲಕ ದೃಢಪಡಿಸುತ್ತೇನೆ. ಆಗಾಗ ಕೈ ತಗುಲಿರುವುದುಂಟು. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಅಧ್ಯಕ್ಷರಾದ ಮಾಯಣ್ಣನವರು ವಿವರಿಸಿ, ಅದನ್ನು ನಿರ್ಣಯವಾಗಿ ಅಂಗೀಕರಿಸಲಾಗಿದೆ. ನಡಾವಳಿಯನ್ನು ನಾನು ಮನೆಮಾತಿನ ಅಭಿಮಾನದಿಂದ ಕನ್ನಡದಲ್ಲೇ ಬರೆಯುತ್ತೇನೆ. ನಮ್ಮವರೆಲ್ಲ ಓದಿದ್ದು ಇಲ್ಲಿನ ತಮಿಳು ಶಾಲೆಗಳಲ್ಲಿ; ಆ ಅಕ್ಷರ ಓದಲು ಸಂಘದಲ್ಲಿ ಬೇರೆ ಯಾರಿಗೂ ಬಾರದ ಕಾರಣ ಇದುವರೆಗೆ ಒಂದು ಆಕ್ಷೇಪಣೆಯೂ ಬಂದಿಲ್ಲ.

೧೯೮೬ರ ಆಡಿ, ಅಂದರೆ ಆಷಾಢ, ತಿಂಗಳಲ್ಲಿ ದಂಡಪಾಣಿಯ ಕೈ ಅವನ ಹೆಂಡತಿ ರುಕ್ಮಣಿಗೆ ತಗುಲಿ ಅವಳ ಬಲ ಮಣಿಕಟ್ಟು ಮುರಿಯಿತು. ಸಾರಿಗೆ ಉಪ್ಪು ಕಡಿಮೆ ಎಂಬುದೇ ವಿಷಯ. ರುಕ್ಮಣಿ ಕೈಗೆ ಕಟ್ಟು ಹಾಕಿಸಿಕೊಂಡು ನೇರ ಪೊಲೀಸ್ ಠಾಣೆಗೆ ಹೋದಳು. ಇಂಥದ್ದಕ್ಕೆಂದೇ ಹೊಸ ಸೆಕ್ಷನ್ ಬಂದಿದೆಯೆಂಬುದು ನಮಗೆ ತಿಳಿದದ್ದೇ ಆಗ.

ದೂರು ವಾಪಸ್ ತಗೋ ಎಂದು ಹೇಳಲು ಮಾಯಣ್ಣನವರು ಹೋದರು. ಅವಳು ಎಡಗೈಯಲ್ಲಿ ಕಾಫಿ ಕೊಟ್ಟಳು. ಇದನ್ನು ಅವರು ಮೊದಲು ಅವಮಾನವೆಂದು ಪರಿಗಣಿಸಿ, ಬಲಗೈ ಕಟ್ಟು ನೋಡಿದ ಮೇಲೆ ಕುಡಿದರು. ಯಾರನ್ನೂ ಜೈಲಿಗೆ ಕಳಿಸುವ ಆಸೆ ತನಗಿಲ್ಲ, ಬೇಕಾದದ್ದು ಒಂದೇ ಎಂದಳು.

"ತಗುಲಿತು ಅಂತಲ್ಲ ಮಾಮಾ. ಹೊಡೆದೆ ಅಂತ ಅವರ ಬಾಯಿಂದಲೇ ನಾಲ್ಕು ಜನದ ಮುಂದೆ ಬರಬೇಕು. ಇಲ್ಲದಿದ್ರೆ ನಾಳೆನೂ ತಗುಲುತ್ತೆ."

ಇದು ಸಂಘದ ನಿರ್ಣಯಕ್ಕೆ ವಿರುದ್ಧವಾದ್ದರಿಂದ ಅವರು ಎದ್ದು ಬಂದರು.

ಈಗ ದಂಡಪಾಣಿಗೆ ವಕೀಲರು ಬೇಕಾದರು. ಮಗ್ಗಕ್ಕೆ ಹಾಸಿನ ನೂಲು ಹೂಡಿದ ಮೇಲೆ ಅದನ್ನು ನೇಯ್ದು ಮುಗಿಸುವವರೆಗೆ ಗಂಡಸು ಹೊರಗಿನ ವ್ಯವಹಾರಕ್ಕೆ ಮಗ್ಗದ ಗುಂಡಿಯಿಂದ ಏಳಬಾರದೆಂಬುದು ನಮ್ಮ ಮನೆಗಳ ಪದ್ಧತಿ. ಸಹಕಾರಿ ಸೊಸೈಟಿಗೆ ಸೀರೆ ಒಯ್ಯುವುದು, ನೂಲು ತರುವುದು, ರೇಷನ್, ತಾಲ್ಲೂಕು ಆಫೀಸು ಎಲ್ಲವೂ ಹೆಂಗಸರ ಪಾಲು. ದಂಡಪಾಣಿಯ ಹಾಸೋ ಅರ್ಧಕ್ಕೆ ನಿಂತಿತ್ತು. ಲಾಳಿಗೆ ನೂಲು ಸುತ್ತಿಕೊಡುವವಳ ಕೈ ಮುರಿದಿದ್ದರಿಂದ ನೇಯುವಂತಿಲ್ಲ. ನೇಯದೆ ಹಾಸು ಮುಗಿಯದು. ಹಾಸು ಮುಗಿಯದೆ ಏಳುವಂತಿಲ್ಲ. ಪುಣ್ಯಾತ್ಮ ದಿನವಿಡೀ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಇದನ್ನು ಸಂಘವು ಪದ್ಧತಿಯ ಪಾಲನೆಯೆಂದು ಶ್ಲಾಘಿಸಿತು.

ಹೀಗಾಗಿ ಹೊರಗಿನ ಎಲ್ಲ ಕೆಲಸವನ್ನು ಹೇಳುವಂತೆ ಇದನ್ನೂ ಅವನು ಹೆಂಡತಿಗೇ ಹೇಳಿದ: "ರುಕ್ಕು, ಸೊಸೈಟಿಗೆ ಹೋಗ್ತೀಯಲ್ಲ, ಹಂಗೇ ನನಗೊಬ್ಬ ಒಳ್ಳೆ ವಕೀಲನ್ನ ನೋಡಿಬಿಟ್ಟು ಬಾ."

ಸೊಸೈಟಿಯ ನೂಲನ್ನೇ ಎಳೆದು ಪರೀಕ್ಷಿಸದೆ ತಂದವಳಲ್ಲ ರುಕ್ಮಣಿ. ಮೊದಲು ಸಿಕ್ಕ ವಕೀಲರು ಆ ಹೆಂಗಸು ತಾನೇ ಜಾರಿಬಿದ್ದಳು ಅನ್ನೋಣ ಎಂದರು. ಎದುರಿಗೆ ಕೂತವಳೇ ಆ ಹೆಂಗಸೆಂದು ಅವರಿಗೆ ಹೊಳೆಯಲಿಲ್ಲ. ಅವಳು ನಮಸ್ಕಾರ ಹೇಳಿ ಬಸ್ ಹತ್ತಿದಳು. ಪೀಳಮೇಡಿನ ವೆಂಕಟಾಚಲಂ ವಕೀಲರು ಮಾತ್ರ ನಡೆದದ್ದೇನು ಎಂದು ಕೇಳಿದರು. ಅವಳು ಉಪ್ಪಿನಿಂದ ಶುರುಮಾಡಿ ಎಲ್ಲ ಹೇಳಿದಳು. ಆರೋಪಿಯ ಕಡೆಯವರು ನಿಜ ಹೇಳಿದ್ದನ್ನು ಅವರು ಕೇಳಿದ್ದು ಅದೇ ಮೊದಲಂತೆ. ಗಾಬರಿಯಾಗಿ ಕನ್ನಡಕ ಒರೆಸಿಕೊಂಡರು. ನೀವು ಯಾರ ಕಡೆಯಮ್ಮಾ ಎಂದು ವಿಚಾರಿಸಿದರು.

"ಅವರ ಕಡೆಯೇ ಸಾರ್. ಅವರೂ ಬದುಕಬೇಕು, ನಾನೂ ಉಳೀಬೇಕು."

ಹಾಗಾದರೆ ಒಪ್ಪಿಕೊಳ್ಳುವುದೇ ಲೇಸು, ಮೊದಲ ಕೇಸಾದ್ದರಿಂದ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು ಎಂದು ವಕೀಲರು ಸಲಹೆ ಕೊಟ್ಟರು. ಅವಳು ಮನೆಗೆ ಬಂದು ಇದನ್ನು ಗುಂಡಿಯ ಅಂಚಿನಲ್ಲಿ ನಿಂತು ಚಾಚೂ ತಪ್ಪದೆ ತಿಳಿಸಿದಳು. ದಂಡಪಾಣಿ ನೂಲು ತಂದೆಯಾ ಎಂದು ಕೇಳಿದ.

ವಿಚಾರಣೆಯ ದಿನ ಸಂಘವು ವಿಶೇಷ ಪರವಾನಗಿ ಕೊಟ್ಟು ಅವನನ್ನು ಎಬ್ಬಿಸಿತು. ಹೊಡೆದದ್ದು ನಿಜವೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಸರ್ಕಾರದವರು ಏನು ಕೇಳಿದರೂ ರುಕ್ಮಣಿಯ ಮುಖ ನೋಡುವುದು ದಂಡಪಾಣಿಯ ಅಭ್ಯಾಸ. ಜನಗಣತಿಯವರು ಮನೆಗೆ ಬಂದು ಅವನ ಅಪ್ಪನ ಹೆಸರು ಕೇಳಿದಾಗಲೂ ಹಾಗೇ ನೋಡಿದ್ದ. ಈಗಲೂ ನೋಡಿದ. ಅವಳು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತ ಕೂತಳು.

ತಗುಲಿತು ಎನ್ನಲು ಅವನ ಬಾಯಿ ತೆರೆಯಿತು. ಮಾಯಣ್ಣನವರು ಪ್ರೋತ್ಸಾಹಕ್ಕಾಗಿ ಕೆಮ್ಮಿದರು.

"ಹೊಡೆದೆ ಐಯಾ," ಎಂದ ದಂಡಪಾಣಿ. "ನಾನೇ ಹೊಡೆದೆ."

ರುಕ್ಮಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನಾನೂ ಶಲ್ಯದಿಂದ ಕಣ್ಣು ಒರೆಸಿಕೊಂಡೆ. ಇದನ್ನು ನಡಾವಳಿಯಲ್ಲಿ ಸೇರಿಸಿಲ್ಲ.

ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಬಂದವನು ತಾನೇ ರಾಟೆಯ ಮುಂದೆ ಕೂತು ನೂಲು ಸುತ್ತಿದ. ಗಂಡಸು ರಾಟೆ ಮುಟ್ಟುವುದು ನಿಯಮಬಾಹಿರವಾದ್ದರಿಂದ, ರಾಟೆಗೆ ಅವನ ಕೈ ತಗುಲಿದೆ ಎಂದು ದಾಖಲಿಸಲಾಯಿತು. ಗಂಡಸರ ನೇಯ್ಗೆಗೆ ಅಡ್ಡಿಯಾಗದಂತೆ ಇನ್ನು ಮುಂದೆ ಯಾವ ಸದಸ್ಯನ ಮೇಲೆ ಇಂಥ ಕೇಸಾದರೂ ಅವನ ವಕೀಲರನ್ನು ಹೆಂಡತಿಯೇ ನೇಮಿಸತಕ್ಕದ್ದೆಂದು ಸರ್ವಾನುಮತದ ನಿರ್ಣಯವಾಯಿತು. ಆಮೇಲೆ ಯಾರಿಗೂ ವಕೀಲರು ಬೇಕಾಗಿಲ್ಲ.

ನಿರ್ಣಯವನ್ನು ನಾನು ಮನೆಯಲ್ಲೂ ಓದಿ ಹೇಳಿದೆ. ನನ್ನ ಮನೆಯವಳು ಜಾನಕಿ ಪೂರ್ತಿ ಕೇಳಿ, ಆ ಪೀಳಮೇಡಿನ ವಕೀಲರ ವಿಳಾಸ ಇನ್ನೊಂದು ಸಲ ನಿಧಾನವಾಗಿ ಹೇಳಿ ಎಂದಳು. ಹೇಳಿದೆ. ಅಂದಿನಿಂದ ನಮ್ಮ ಮನೆಯ ಸಾರಿನಲ್ಲಿ ಉಪ್ಪು ಎಷ್ಟಿದ್ದರೂ ಸರಿಯಾಗಿಯೇ ಇದೆ.