ಅರವತ್ತೆರಡು ನೀಲಿ ಮೀನುಗಳು

"ಈ ಮನೆಯಿಂದ ಒಂದೇ ಒಂದು ಫೋಟೊ ಕೂಡ ಹಸಿಹಸಿಯಾಗಿ ಹೊರಗೆ ಹೋಗಕೂಡದು!"

ತಿಜಾನಿ ಹೀಗೆ ಘೋಷಿಸಿದಾಗ ಅವರ ಹೆಂಡತಿ ಮನ್ನೂಬಿಯಾ ಬಾಣಂತಿಮನೆಗೆ ಬರುವವರಿಗೆ ಕೊಡುವ ಜ್ರೀರ್ ಎಂಬ ಸಿಹಿಗಾಗಿ ಎಳ್ಳು ಹುರಿಯುತ್ತಿದ್ದರು. ಬಾಣಲೆಯಿಂದ ಕಣ್ಣೆತ್ತಲೂ ಇಲ್ಲ.

"ಹಸಿ ಫೋಟೊ ಅಂದ್ರೆ ಏನ್ರೀ? ಬೇಯಿಸ್ತೀರಾ?"

"ಬೇಯಿಸೋದೇ! ಅಂಚು ಕತ್ತರಿಸಬೇಕು, ಬೆಳಕು ತಿದ್ದಬೇಕು, ತೂಕ ಇಳಿಸಬೇಕು. ನಿನ್ನ ತಮ್ಮ ಕಳಿಸ್ತಾನಲ್ಲ ಆನೆತೂಕದ ಫೋಟೊ? ಅದು ತೆರೆದುಕೊಳ್ಳೋ ಹೊತ್ತಿಗೆ ಅದರಲ್ಲಿರೋ ಮಕ್ಕಳು ದೊಡ್ಡವರಾಗಿರ್ತಾರೆ."

ಮೂವತ್ತೊಂದು ವರ್ಷ ಪುರಸಭೆಯಲ್ಲಿ ನಕಾಶೆ ಬಿಡಿಸಿ ನಿವೃತ್ತರಾದವರು ತಿಜಾನಿ. ಮಹ್ದಿಯಾ ಊರನ್ನೇ ಒಂದು ಹಾಳೆಗೆ ಇಳಿಸಿದವರಿಗೆ ಒಂದು ಮಗುವನ್ನು ಇಳಿಸುವುದು ಯಾವ ಮಹಾ!

ಹಿಂದಿನ ದಿನವಷ್ಟೇ ಮೊಮ್ಮಗ ಇಯಾದ್‌ನ ಏಳನೆಯ ದಿನದ ಸಂಭ್ರಮ ಮುಗಿದಿತ್ತು. ಬಾಣಂತಿ ಮಗಳು ಎಮ್ನಾಳ ಫೋನಿನಲ್ಲಿ ಅರವತ್ತಮೂರು ಫೋಟೊ. ಬೇರೆ ಯಾರ ಬಳಿಯೂ ಒಂದೂ ಇಲ್ಲ. ಏಕೆಂದರೆ, ಯಾರ ಕಣ್ಣು ಹೇಗೋ ಏನೋ ಎಂದು ಮನ್ನೂಬಿಯಾ ಅತಿಥಿಗಳ ಫೋನುಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು ಕುಸ್ಕುಸ್ ಪಾತ್ರೆಗೆ ಹಾಕಿ ಮುಚ್ಚಿಟ್ಟಿದ್ದರು.

"ನಿನ್ನ ಫೋನು ತುಂಬಿ ತುಳುಕ್ತಿದೆ ಮಗಳೇ," ಎಂದು ತಿಜಾನಿ ಎಲ್ಲವನ್ನೂ ತಮ್ಮ ಕಂಪ್ಯೂಟರಿಗೆ ಸಾಗಿಸಿ, ಫೋನನ್ನು ತೊಳೆದಿಟ್ಟ ತಟ್ಟೆಯಂತೆ ಮಾಡಿಕೊಟ್ಟರು.

"ಅಪ್ಪಾ, ಜೋಪಾನ. ರಮ್ಜಿ ಇನ್ನೂ ಒಂದೂ ನೋಡಿಲ್ಲ."

ರಮ್ಜಿ ಅಳಿಯ. ಸರಕು ಹಡಗಿನಲ್ಲಿ ಕೆಲಸ. ನಡುಗಡಲಿನಲ್ಲಿ ಸಂಪರ್ಕವೇ ಸಿಗದೆ, ಮಗ ಹುಟ್ಟಿದ ಸುದ್ದಿ ಮಾತ್ರ ಹೇಗೋ ತಲುಪಿತ್ತು.

"ಜೋಪಾನ ಅನ್ನೋ ಮಾತು ನನಗೆ ಹೇಳ್ತೀಯಾ!" ತಿಜಾನಿ ನಕ್ಕರು.

"ಊರಿಗೆಲ್ಲ ಕಾಣೋ ಹಾಗೆ ಹಾಕೋದಾದ್ರೆ ಮಗುವಿನ ಮುಖ ಮುಚ್ಚಿ," ಮನ್ನೂಬಿಯಾ ಕಟ್ಟಪ್ಪಣೆ ಮಾಡಿದರು. "ನಲವತ್ತು ದಿನ ಆಗೋವರೆಗೂ ಯಾರ ದೃಷ್ಟಿನೂ ತಾಗಕೂಡದು."

ಕೆಲಸ ಶುರುವಾಯಿತು. ಒಂದು ಫೋಟೊವನ್ನಂತೂ ನೋಡಿದ ಕೂಡಲೇ "ಮನೆತನದ ಘನತೆಗೆ ತಕ್ಕದ್ದಲ್ಲ" ಎಂದು ಕಂಪ್ಯೂಟರಿನ ಕಸದ ಬುಟ್ಟಿಗೆ ಎಸೆದರು. ಉಳಿದದ್ದು ಅರವತ್ತೆರಡು. ಮಗುವಿನ ಮುಖದ ಮೇಲೆ ದೃಷ್ಟಿ ತೆಗೆಯುವ ನೀಲಿ ಮೀನಿನ ಚಿತ್ರ, ಪ್ರತಿಯೊಂದೂ ಕೂದಲೆಳೆಯಷ್ಟೂ ಆಚೀಚೆಯಾಗದಂತೆ! ಎರಡು ದಿನ ಬೆನ್ನು ಬಗ್ಗಿಸಿ ಕುಳಿತರು. ಪ್ರತಿ ಸಲವೂ ಕಂಪ್ಯೂಟರು ವಿನಯದಿಂದ ಕೇಳಿತು: "ಹಳೆಯದರ ಮೇಲೆಯೇ ಉಳಿಸಲೇ?" ಅರವತ್ತೆರಡು ಸಲ ಕೇಳಿತು. ತಿಜಾನಿ ಅರವತ್ತೆರಡು ಸಲವೂ, ಕಡತಕ್ಕೆ ಸಹಿ ಹಾಕುವ ಗತ್ತಿನಲ್ಲಿ, "ಹೂಂ" ಒತ್ತಿದರು.

ಬಳಗದ ಪುಟದಲ್ಲಿ ಫೋಟೊ ಏರಿದ್ದೇ ತಡ, "ಮಾಶಾಅಲ್ಲಾ"ಗಳ ಮಳೆ. ಸೂಸ್‌ನಲ್ಲಿದ್ದ ಅತ್ತಿಗೆಯಂತೂ ಬರೆದಿದ್ದರು: "ಮೀನು ಥೇಟ್ ಅಜ್ಜನ ಹಾಗೇ ಇದೆ."

ಮರುದಿನ ಎಮ್ನಾ ಓಡೋಡಿ ಬಂದಳು. "ಅಪ್ಪಾ, ಹಡಗು ದಡ ಸೇರಿದೆ! ಸಂಜೆ ಮತ್ತೆ ಹೊರಡುತ್ತಂತೆ. ರಮ್ಜಿಗೆ ಮೀನಿಲ್ಲದ ಫೋಟೊ ಕಳಿಸಿ, ಬೇಗ. ಹೆತ್ತಪ್ಪನ ದೃಷ್ಟಿ ತಾಗಲ್ಲ."

ತಿಜಾನಿ ಕಂಪ್ಯೂಟರು ತೆರೆದರು. ಒಂದನೆಯದು, ಮೀನು. ಎರಡನೆಯದು, ಮೀನು. ಕೊನೆಯದಕ್ಕೆ ಬಂದಾಗ ಅವರ ಮುಖವೂ ಮೀನಿನ ಬಣ್ಣಕ್ಕೆ ತಿರುಗಿತ್ತು.

"ಮೀನಿನ ಕೆಳಗೆ ಮಗು ಇರಬೇಕಲ್ಲಮ್ಮಾ… ಕೆರೆದು ತೆಗೆದರೆ…"

"ಅಪ್ಪಾ! ಮೂಲದ್ದನ್ನ ಬೇರೆ ಇಟ್ಟುಕೊಂಡಿಲ್ವಾ?"

"ಇವತ್ತೇ ಹೊಸದು ತೆಗೆದರಾಯ್ತಮ್ಮ."

ಎಮ್ನಾಳ ಕಣ್ಣು ತುಂಬಿ ಬಂತು. ಏಳನೆಯ ದಿನದ ಮಧ್ಯಾಹ್ನ, ಫೋಟೊ ಎಲ್ಲ ಮುಗಿದ ಮೇಲೆ, ಸಂಪ್ರದಾಯದಂತೆ ಮಗುವಿನ ತಲೆ ಬೋಳಿಸಿದ್ದರು. ಈಗ ತೊಟ್ಟಿಲಲ್ಲಿ ಮಲಗಿದ್ದದ್ದು ಗುಂಡಗಿನ ಕಲ್ಲಂಗಡಿ. "ರಮ್ಜಿಯದೇ ಗುಂಗುರು ಕೂದಲು ಅಪ್ಪಾ. ಅದನ್ನ ಅವರು ಯಾವತ್ತೂ ನೋಡೋ ಹಾಗೇ ಇಲ್ಲ."

"ಸಿ ತಿಜಾನಿಯವರೇ," ಎಂದರು ಮನ್ನೂಬಿಯಾ. 'ಸಿ' ಸೇರಿಸಿ ಅಷ್ಟು ಮರ್ಯಾದೆ ಕೊಟ್ಟು ಕರೆದರೆ ಗ್ರಹಚಾರ ಕೆಟ್ಟಿದೆ ಎಂದೇ ಅರ್ಥ. "ಇವಳ ಫೋನಿನಲ್ಲಿ ನಾನೂ ಒಂದು ತೆಗೆದಿದ್ದೆನಲ್ಲ. ಅದೆಲ್ಲಿ?"

ತಿಜಾನಿ ಗಂಟಲು ಸರಿಮಾಡಿಕೊಂಡರು. "ಅದು… ಚೆನ್ನಾಗಿ ಬಂದಿರಲಿಲ್ಲ."

"ಎಲ್ಲಿ?"

"ಕಸದ ಬುಟ್ಟೀಲಿ."

ಎಮ್ನಾ ಬುಟ್ಟಿ ತೆರೆದಳು. ಅಲ್ಲಿತ್ತು! ಹಾಸಿಗೆಯ ಮೇಲೆ ಅಂಗಾತ ಬಿದ್ದು ನಿದ್ದೆ ಹೊಡೆಯುತ್ತಿರುವ ತಿಜಾನಿ. ಕೆಂಪು ಟೋಪಿ ಒಂದು ಕಣ್ಣನ್ನು ಮುಚ್ಚಿದೆ, ಕಿವಿಗೆ ಸಿಕ್ಕಿಸಿದ್ದ ಮಲ್ಲಿಗೆ ಮೂಗಿಗೆ ಜಾರಿದೆ, ಮೀಸೆಯ ತುಂಬ ಜ್ರೀರ್, ಬಾಯಿಯಂತೂ ಬಂದರಿನ ಹೆಬ್ಬಾಗಿಲು! ಆ ಬೆಟ್ಟದಂಥ ಹೊಟ್ಟೆಯ ಮೇಲೆ ಗುಂಗುರು ಕೂದಲಿನ ಇಯಾದ್, ಕಣ್ಣರಳಿಸಿ ನೇರವಾಗಿ ನೋಡುತ್ತಿದ್ದಾನೆ. ಮೀನಿಲ್ಲ, ಏನಿಲ್ಲ.

ಎಮ್ನಾ ಅಳುತ್ತಲೇ ನಕ್ಕುಬಿಟ್ಟಳು. ಫೋಟೊ ರಮ್ಜಿಗೆ ಹೋಯಿತು. ಗಳಿಗೆಯಲ್ಲೇ ಅವನ ಧ್ವನಿ ಬಂತು. "ನನ್ನದೇ ಕೂದಲು… ಮಾವನ ಹೊಟ್ಟೆ ಮೇಲೆ ಎಷ್ಟು ಆರಾಮಾಗಿದ್ದಾನೆ! ಇದನ್ನ ದೊಡ್ಡದು ಮಾಡಿಸಿ ಗೋಡೆಗೆ ಹಾಕಿ. ಬಳಗದ ಪುಟಕ್ಕೂ ಹಾಕಿ, ಎಲ್ಲರೂ ನೋಡಲಿ."

"ಹಾಕೋಣ, ಹಾಕೋಣ," ಎಂದರು ತಿಜಾನಿ. "ನನ್ನನ್ನ ಕತ್ತರಿಸಿ ಹಾಕೋಣ."

"ನಿಮ್ಮನ್ನ ಕತ್ತರಿಸಿದ್ರೆ ಮಗು ಗಾಳೀಲಿ ತೇಲುತ್ತಪ್ಪಾ."

ಮನ್ನೂಬಿಯಾ ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ತಾವೇ ಕುಳಿತರು. ಮೊದಲು ಮೂಲದ್ದನ್ನು ಎರಡು ಕಡೆ ತೆಗೆದಿಟ್ಟರು. ಆಮೇಲೆ ನೀಲಿ ಮೀನೊಂದನ್ನು ಮೆಲ್ಲಗೆ ಎಳೆತಂದು ಮಗುವಿನ ಮುಖಕ್ಕೆ ಕೂರಿಸಿದರು.

ತಿಜಾನಿ ಹಿಂದಿನಿಂದ ಬಗ್ಗಿ, ಮೂವತ್ತೊಂದು ವರ್ಷದ ಘನತೆಯನ್ನೆಲ್ಲ ಬದಿಗಿಟ್ಟು ಪಿಸುಗುಟ್ಟಿದರು: "ಇನ್ನೊಂದು ಮೀನು, ಚಿಕ್ಕದಾದ್ರೂ ಪರವಾಗಿಲ್ಲ… ನನ್ನ ಮುಖಕ್ಕೂ…"

ಮನ್ನೂಬಿಯಾ ಫೋಟೊದಲ್ಲಿನ ಬಾಯಿಯನ್ನೊಮ್ಮೆ, ಪಕ್ಕದಲ್ಲಿದ್ದ ಬಾಯಿಯನ್ನೊಮ್ಮೆ ನೋಡಿ, ಕಳಿಸುವ ಗುಂಡಿ ಒತ್ತಿದರು.

"ದೃಷ್ಟಿ ತಾಗೋ ಮುಖಕ್ಕೆ ಮೀನು ಹಾಕೋದು ಕಣ್ರೀ. ನಿಮಗ್ಯಾಕೆ ಆ ಭಯ?"